ಶಿರಸಿಯಿಂದ ಗೋಕರ್ಣಕ್ಕೆ ನಡೆಯುವ ಮುಂಚೆ

ಈ ಶಿವರಾತ್ರಿಗೆ ಗುಂಪು ಕಟ್ಟಿಕೊಂಡು ಗೋಕರ್ಣಕ್ಕೆ ನಡೆಯುವ ಆಸೆ ಇದೆ ಅಲ್ವಾ? ಹಾಗಾದರೆ ಎರಡು ತಿಂಗಳು ಮೊದಲೇ ಶುರು ಮಾಡಿ. ಮೊದಲ ವಾರ ದಿನಕ್ಕೆ 4-5 ಕಿ.ಮೀ. ಸಾಕು. ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡುತ್ತಾ ಬಂದು, ಕೊನೆಗೆ ಶನಿವಾರ 20, ಭಾನುವಾರ ಮತ್ತೆ 20 ನಡೆದು ನೋಡಿ, ಯಾಕೆಂದರೆ ನಿನ್ನೆಯ ನೋವು ಹೊತ್ತುಕೊಂಡು ಮರುದಿನ ನಡೆಯುವುದೇ ಕಷ್ಟದ ಕೆಲಸ.

ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ. ನಮ್ಮ ದಾರಿಯಲ್ಲಿ ಕಾಡುವುದು ದೇವಿಮನೆ ಘಟ್ಟದ ಇಳಿಜಾರು. ಹೆಜ್ಜೆ ಹೆಜ್ಜೆಗೂ ಹೆಬ್ಬೆರಳು ಶೂ ತುದಿಗೆ ಗುದ್ದುತ್ತದೆ. ಮೊದಲ ಸಲ ನನ್ನ ಉಗುರು ಕಪ್ಪಾಗಿ, ಕೆಲವು ವಾರದ ಮೇಲೆ ಕಿತ್ತೇ ಬಂತು. ಹಾಗಾಗಿ ಉಗುರು ಕತ್ತರಿಸಿಕೊಂಡು, ಬೆರಳ ಮುಂದೆ ಸ್ವಲ್ಪ ಜಾಗ ಇರುವ, ಚೆನ್ನಾಗಿ ಪಳಗಿದ ಶೂ ಹಾಕಿ. ಹೊಸದು ಬೇಡವೇ ಬೇಡ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಗ್ಗಿರಲಿ. ಗುಳ್ಳೆ ಎದ್ದರೆ ಚರ್ಮ ಕೀಳಬೇಡಿ, ಪಟ್ಟಿ ಹಾಕಿ.

ಘಟ್ಟ ಇಳಿದರೆ ಸೆಕೆ. ಬೆಳಗಿನ ಜಾವ 4ಕ್ಕೆ ಹೊರಟು 11ರೊಳಗೆ ನೆರಳು ಸೇರಿ. ಉಪ್ಪು, ಬೆಲ್ಲ ಹಾಕಿದ ಮುರುಗಲು ಪಾನಕ ಜೊತೆಗಿರಲಿ. ಕತ್ತಲಲ್ಲಿ ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಸಾಲಾಗಿ ನಡೆಯಿರಿ. ಮುಂದಿನವರ, ಕೊನೆಯವರ ಕೈಯಲ್ಲಿ ಟಾರ್ಚ್ ಇರಲಿ, ಮತ್ತೆ ಗುಂಪಿನಲ್ಲಿ ನಿಧಾನಕ್ಕೆ ನಡೆಯುವವರನ್ನು ಮುಂದೆಯೇ ಬಿಡಿ.