ಕೊರಿಯನ್ ತಿಂಗಳುಗಳು: ಕನ್ನಡ ಲಿಪಿಲೇ ಬರ್ಕೊಂಡು ಕಲ್ತೆ, ಕೆಲಸ ಆಯ್ತು

ಕನ್ನಡದಲ್ಲಿ ಬರ್ಕೊಂಡು ಕೊರಿಯನ್ ಕಲಿಬೇಡ, ಉಚ್ಚಾರಣೆ ಕೆಟ್ಟೋಗುತ್ತೆ ಅಂತ ನಂಗೆ ಹೇಳಿದವರು ಒಬ್ರಿಬ್ರಲ್ಲ. ಈಗ ಕೊರಿಯನ್ ಭಾಷೆ ಪರೀಕ್ಷೆ ಟೋಪಿಕ್ ಒನ್ನಲ್ಲಿ 200ಕ್ಕೆ 165ರ ಹತ್ರ ಬಂದು ಎರಡನೇ ಲೆವೆಲ್ ಆಗಿದೆ, 140 ಬಂದಿದ್ರೂ ಸಾಕಿತ್ತು. ಲಿಸನಿಂಗಲ್ಲಿ ತಾರೀಕು ಬಂದಾಗ ಎಲ್ಲೂ ತಡವರಿಸ್ಲಿಲ್ಲ, ಅದಕ್ಕೇ ಬರೀತಿದೀನಿ.

ಒಂದರಿಂದ ಹನ್ನೆರಡರ ತನಕ ನಂಬರ್ ಹೇಳಿ, ಆದ್ಮೇಲೆ ತಿಂಗಳು ಅನ್ನೋ ವೊಲ್ ಸೇರಿಸೋದು ಎಲ್ರಿಗೂ ಗೊತ್ತಿರೋದೇ, ಆದ್ರೆ ಬಾಯಿಗೆ ಬರಲ್ಲ. ವೀಕೆಂಡ್ ಕ್ಲಾಸಿಗೆ ಎಂಟೊಂಬತ್ತು ಸಾವಿರ ಕಟ್ಟಿದ್ದೆ, ಅಲ್ಲಿ ಜನವರಿಯಿಂದ ಡಿಸೆಂಬರ್ ತನಕ ರಾಗವಾಗಿ ಹೇಳಿಸೋರು. ಆಮೇಲೆ ಸಡನ್ನಾಗಿ ಆಗಸ್ಟ್ ಏನು ಅಂತ ಕೇಳಿದ್ರೆ ಇಡೀ ಕ್ಲಾಸು ಒಂದರಿಂದ ಬೆರಳು ಮಡಚ್ಕೊಂಡು ಬರೋದು. ಒಂದು ಆ್ಯಪಿಗೆ ಸಾವಿರದೈನೂರರ ಹಾಗೆ ಹೋಯ್ತು, ಅದರಲ್ಲಿ ಎಲ್ಲ ಇಂಗ್ಲಿಷ್ ಅಕ್ಷರ. ಆಗಸ್ಟಿನ ಪಿ ನೋಡಿದ ತಕ್ಷಣ ನಾವು ಪ ಅಂತೀವಿ, ಅಲ್ಲಿರೋದು ಫ, ಅದೂ ಫ್ಯಾನಿನ ಫ ಅಲ್ಲ, ತುಟಿ ಎರಡೂ ಸೇರಿಸಿ ಉಸಿರು ಬಿಟ್ಟು ಹೇಳೋ ಮಹಾಪ್ರಾಣ. ಆ ಅಕ್ಷರ ನಮ್ಮತ್ರ ಇರುವಾಗ ಇಂಗ್ಲಿಷ್ ಯಾಕೆ ಬೇಕು?

ಹಾಗಾಗಿ ಕೊರಿಯನ್ನರು ಹೇಳೋ ಆಡಿಯೋ ಹಾಕಿ, ಕಿವಿಗೆ ಬಿದ್ದಿದ್ದನ್ನ ಜನವರಿಯಿಂದ ಹಾಗೇ ಬರ್ದೆ: ಇರ್ವೊಲ್, ಇವೊಲ್, ಸಾಮ್ವೊಲ್, ಸಾವೊಲ್, ಓವೊಲ್, ಯುವೊಲ್, ಛಿರ್ವೊಲ್, ಫಾರ್ವೊಲ್, ಕುವೊಲ್, ಶಿವೊಲ್, ಶಿಬಿರ್ವೊಲ್, ಶಿಬಿವೊಲ್. ಇಲ್ (ಒಂದು), ಛಿಲ್ (ಏಳು), ಫಾಲ್ (ಎಂಟು) ಇದ್ದ ಕಡೆಯೆಲ್ಲ ಲ ಹೋಗಿ ರ ಬಂತು ನೋಡಿ. ಅವರ ಲಿಪಿ ಹಂಗುಲ್‌ನಲ್ಲಿ ಲ ಅಂತ ಓದ್ಕೊಂಡೋರಿಗೆ ಇದು ಹತ್ತೋದೇ ಇಲ್ಲ, ಕನ್ನಡದಲ್ಲಿ ಬರ್ದಾಗ ಕಣ್ಣಿಗೇ ಕಾಣುತ್ತೆ. ಜೂನಿಗೆ ಆರು ಅನ್ನೋ ಯುಕ್‌ನ ಕ, ಅಕ್ಟೋಬರಿಗೆ ಹತ್ತು ಅನ್ನೋ ಶಿಪ್‌ನ ಪ ಬಿದ್ದೋಗುತ್ತೆ, ಅದನ್ನ ಅವರು ಬರೆಯೋದೂ ಹಾಗೇ. ವೊ ಮಾತ್ರ ನಮ್ಮ ಒ ಅಲ್ಲ, ಅ ಕಡೆಗೆ ಸ್ವಲ್ಪ ವಾಲುತ್ತೆ, ಅದರ ಮೇಲೆ ನಾನು ಒಂದು ಚುಕ್ಕೆ ಇಡ್ತಿದ್ದೆ.

ಇನ್ನು ಕ್ರಮವಾಗಿ ಹೇಳೋದನ್ನ ಪೂರ್ತಿ ನಿಲ್ಲಿಸ್ದೆ. ಹಾಲಿನ ಪ್ಯಾಕೆಟ್ಟು, ಮಾತ್ರೆ ಸ್ಟ್ರಿಪ್ಪು, ಕರೆಂಟ್ ಬಿಲ್ಲು, ಎಲ್ಲಿ ತಾರೀಕು ಕಂಡ್ರೂ ವರ್ಷ, ತಿಂಗಳು, ದಿನ ಅನ್ನೋ ಅವರ ಲೆಕ್ಕದಲ್ಲೇ ಜೋರಾಗಿ ಓದೋದು. ಮೆಡಿಕಲ್ ಶಾಪಲ್ಲಿ ನಿಂತು ಎಕ್ಸ್‌ಪೈರಿ ಓದಿದ್ದೂ ಉಂಟು. ಜೊತೆಗೆ ಕೆಲವು ತಾರೀಕು ಗಟ್ಟಿ ಮಾಡ್ಕೊಂಡೆ, ಕೊನೇಲಿ ಬರೋ ಇಲ್ ಅಂದ್ರೆ ದಿನ. 1919ರ ಅವರ ಸ್ವಾತಂತ್ರ್ಯ ಚಳವಳಿದು ಸಾಮ್ವೊಲ್ ಇರಿಲ್, ಮಕ್ಕಳ ದಿನ ಓವೊಲ್ ಓಇಲ್, ಹಂಗುಲ್ ದಿನ ಶಿವೊಲ್ ಕುಇಲ್. ಫಾರ್ವೊಲ್ ಶಿಬೋಇಲ್ ಅಂತೂ ಮರೆಯೋ ಹಾಗೇ ಇಲ್ಲ, ನಮ್ಮ ಆಗಸ್ಟ್ 15ರಂದೇ ಅವರಿಗೂ ಬಿಡುಗಡೆ, ಅವರದು 1945. 1950ರ ಜೂನ್ 25ಕ್ಕೆ ಕೊರಿಯನ್ ಯುದ್ಧ ಶುರುವಾಗಿದ್ದು, ತಾರೀಕಾಗಿ ಹೇಳಿದ್ರೆ ಯುವೊಲ್ ಇಶಿಬೋಇಲ್, ಆದ್ರೆ ಯುದ್ಧದ ಹೆಸರು ಯುಗಿಓ, ಬಿದ್ದೋದ ಕ ಅಲ್ಲಿ ಗ ಆಗಿ ವಾಪಸ್ ಬರುತ್ತೆ. ಇವೆರಡನ್ನ ಒಟ್ಟಿಗೆ ಹೇಳಿ ಹೇಳಿ ನಂಗೆ ಆರು ಪಕ್ಕಾ ಆಯ್ತು.

ಮಧ್ಯದಲ್ಲಿ ಪರೀಕ್ಷೆಗೆ ಬೇಡದ್ದಕ್ಕೂ ಕೈ ಹಾಕ್ದೆ. ಚಾಂದ್ರಮಾನದ ಮೊದಲನೇ ತಿಂಗಳು ಚೊಂಗ್ವೊಲ್, ಕೊನೇದು ಸೊತ್ತಲ್, ಕೇಳೋಕೆ ತುಂಬಾ ಚೆಂದ. ಎಷ್ಟು ತಿಂಗಳು ಅಂತ ಎಣಿಸೋಕೆ ಹನ್ ದಲ್ (ಒಂದು ತಿಂಗಳು), ತು ದಲ್ (ಎರಡು ತಿಂಗಳು) ಬರುತ್ತೆ, ಅದು ತಿಂಗಳ ಹೆಸರಲ್ಲಿರೋ ನಂಬರಲ್ಲ, ಅಚ್ಚ ಕೊರಿಯನ್ ನಂಬರು. ಅದನ್ನ ಇದರ ಜೊತೆಗೇ ಕಲಿಯೋಕೆ ಹೋಗ್ಬೇಡಿ, ಕಲಸಿಹೋಗುತ್ತೆ, ಒಂದೆರಡು ವಾರ ಬಿಟ್ಟು ಶುರು ಮಾಡಿ.

ಶಿಬಿರ್ವೊಲ್, ಶಿಬಿವೊಲ್ ಎರಡನ್ನೂ ಸ್ಪೀಡಲ್ಲಿ ಹೇಳಿದಾಗ ಹಿಡಿಯೋಕೆ ನಂದೇ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನಾನು ಹೇಳ್ಕೊಡೋ ನಾಲ್ಕೈದು ಜೂನಿಯರ್ಸ್‌ಗೆ ಮಾತ್ರ. ಬೇರೆಯವರು ಆಡಿಯೋ ಮುಕ್ಕಾಲು ಸ್ಪೀಡಿಗೆ ಇಟ್ಟು, ಆ ರ ಇದೆಯಾ ಇಲ್ವಾ ಅಂತ ಅಷ್ಟೇ ಗಮನಿಸಿ. ಮೂವತ್ತು ರೂಪಾಯಿ ನೋಟ್‌ಬುಕ್ ಬಿಟ್ರೆ ಇದಕ್ಕೆ ಇನ್ನೇನೂ ಖರ್ಚಿಲ್ಲ.