ಮೊಬೈಲಿಗೂ ನಿದ್ದೆಗೂ ನಂಟಿದೆಯಾ? ಅಳೆದು ನೋಡುವುದು ಹೀಗೆ

‘ರಾತ್ರಿಯೆಲ್ಲಾ ಮೊಬೈಲು ಒತ್ತುತ್ತಾನೆ, ಅದಕ್ಕೇ ನಿದ್ದೆ ಇಲ್ಲ’ ಎಂದು ದೂರು ಹೇಳದ ಪಿಯುಸಿ ಹುಡುಗನ ಅಮ್ಮ ಸಿಗುವುದು ಕಷ್ಟ. ಮಾತು ನಿಜವೇ ಇರಬಹುದು. ಆದರೆ ಪರೀಕ್ಷಿಸಲು ಹೋಗಿ ಅರ್ಧ ತರಗತಿಯ ನಿದ್ದೆಯನ್ನು ಬೇಕಂತಲೇ ವರ್ಷಗಟ್ಟಲೆ ಕೆಡಿಸುವ ಹಾಗಿಲ್ಲ, ಅಲ್ವಾ? ಇಂಥ ಕಡೆ ಮನಶ್ಶಾಸ್ತ್ರದವರು ಪ್ರಯೋಗದ ಗೊಡವೆಗೆ ಹೋಗುವುದಿಲ್ಲ. ಜನ ಹೇಗಿದ್ದಾರೋ ಹಾಗೇ ಬಿಟ್ಟು, ಎರಡು ಸಂಗತಿಗಳನ್ನು ಅಳೆದು, ಅವು ಜೊತೆಯಾಗಿ ಏರಿಳಿಯುತ್ತವೆಯೇ ಎಂದು ನೋಡುತ್ತಾರೆ. ಇದೇ ಸಹಸಂಬಂಧ ಅಧ್ಯಯನ. ಕಾಲೇಜು ಪ್ರಾಜೆಕ್ಟಿಗೂ ಆಗುತ್ತದೆ.

ಮೊದಲು ಅಳತೆ. ‘ದಿನಕ್ಕೆ ಎಷ್ಟು ಹೊತ್ತು ಮೊಬೈಲು ನೋಡ್ತೀಯಾ?’ ಎಂದು ಕೇಳಬೇಡಿ. ಯಾರಿಗೂ ಸರಿಯಾದ ಅಂದಾಜು ಇರುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲೇ ಸ್ಕ್ರೀನ್ ಟೈಮ್ ಸಿಗುತ್ತದೆ, ಒಂದು ವಾರದ್ದು ಬರೆದುಕೊಳ್ಳಿ. ನಿದ್ದೆಯದ್ದು ಪ್ರತಿ ಬೆಳಿಗ್ಗೆ ಎದ್ದಕೂಡಲೇ ಗುರುತು ಹಾಕಿಸಿ. ಹೆಸರು ಬೇಡ, ನಂಬರು ಸಾಕು. ಹದಿನೆಂಟು ತುಂಬದವರಾದರೆ ಮನೆಯವರ ಒಪ್ಪಿಗೆ ಬೇಕು.

ಆಮೇಲೆ ಗ್ರಾಫ್. ವಾರದ್ದನ್ನು ದಿನದ ಸರಾಸರಿ ಮಾಡಿಕೊಳ್ಳಿ. ಅಡ್ಡಕ್ಕೆ ಮೊಬೈಲಿನ ಗಂಟೆ, ಉದ್ದಕ್ಕೆ ನಿದ್ದೆಯ ಗಂಟೆ, ಒಬ್ಬರಿಗೆ ಒಂದು ಚುಕ್ಕಿ. ಇದನ್ನು ಬಿಟ್ಟು ನೇರ ಲೆಕ್ಕಕ್ಕೆ ಹೋಗಬೇಡಿ. ಮುಂದಿನ ಲೆಕ್ಕ ನೇರ ಗೆರೆಯಂಥ ನಂಟನ್ನಷ್ಟೇ ಅಳೆಯುತ್ತದೆ, ಚುಕ್ಕಿಗಳು ಬಿಲ್ಲಿನಂತೆ ಬಾಗಿದ್ದರೆ ದಾರಿ ತಪ್ಪಿಸುತ್ತದೆ.

ಈಗ ಲೆಕ್ಕ. ಐವರು ಗೆಳೆಯರು ಅಂದುಕೊಳ್ಳಿ. ಮೊಬೈಲು 1, 2, 3, 4, 5 ಗಂಟೆ. ನಿದ್ದೆ ಅದೇ ಸಾಲಿನಲ್ಲಿ 8, 7, 7.5, 6, 6.5. ಸರಾಸರಿ 3 ಮತ್ತು 7. ಪ್ರತಿಯೊಬ್ಬರೂ ಆ ಎರಡು ಸರಾಸರಿಗಳಿಂದ ಎಷ್ಟು ದೂರ ಇದ್ದಾರೆ ನೋಡಿ. ಮೊದಲನೆಯವನು ಮೊಬೈಲಿನಲ್ಲಿ ಮೈನಸ್ 2, ನಿದ್ದೆಯಲ್ಲಿ ಪ್ಲಸ್ 1. ಗುಣಿಸಿದರೆ ಮೈನಸ್ 2. ಹೀಗೆ ಐವರದ್ದೂ ಕೂಡಿದರೆ ಮೈನಸ್ 4. ಇನ್ನು ಆ ದೂರಗಳ ವರ್ಗಗಳನ್ನು ಕೂಡಿ: ಮೊಬೈಲಿನದ್ದು 10, ನಿದ್ದೆಯದ್ದು 2.5. ಎರಡರ ಗುಣಲಬ್ಧ 25, ಅದರ ವರ್ಗಮೂಲ 5. ಮೈನಸ್ 4ನ್ನು 5ರಿಂದ ಭಾಗಿಸಿದರೆ ಮೈನಸ್ 0.8.

ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಹೆಸರಿನ ಗುಣಾಂಕ, ಅಂದರೆ ನಂಟು ಎಷ್ಟು ಗಟ್ಟಿ ಎಂದು ಹೇಳುವ ಸಂಖ್ಯೆ, ಇದು. ಮೈನಸ್ 1ರಿಂದ ಪ್ಲಸ್ 1ರ ಒಳಗೇ ಇರುತ್ತದೆ. ಮೈನಸ್ ಅಂದರೆ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ ಅಂತ ಅಷ್ಟೇ, ‘ಕೆಟ್ಟದ್ದು’ ಅಂತಲ್ಲ. ಎಕ್ಸೆಲ್‌ನಲ್ಲಿ ‘ಕೊರೆಲ್’ ಫಂಕ್ಷನ್ ಇದನ್ನು ಕ್ಷಣದಲ್ಲಿ ಕೊಡುತ್ತದೆ. ಆದರೂ ಒಮ್ಮೆ ಕೈಯಲ್ಲಿ ಮಾಡಿ ನೋಡಿ.

0.8 ಅಂದರೆ ಗಟ್ಟಿ ನಂಟು ಅಂತ ಕುಣಿಯುವ ಮೊದಲು ಒಂದು ಕೆಲಸ ಮಾಡಿ. ಮೊದಲ ಗೆಳೆಯನ ನಿದ್ದೆಯನ್ನು 8ರ ಬದಲು 6 ಮಾಡಿ, ಮತ್ತೆ ಲೆಕ್ಕ ಹಾಕಿ. ಉತ್ತರ ಸೊನ್ನೆ! ಒಬ್ಬನ ಎರಡು ಗಂಟೆ ನಿದ್ದೆಗೆ ಇಡೀ ನಂಟೇ ಮಾಯ. ಐದು ಜನರ ಲೆಕ್ಕದ ಹಣೆಬರಹ ಇಷ್ಟೇ. ಐವತ್ತು, ನೂರು ಜನ ಸಿಕ್ಕಿದರೆ ಒಳ್ಳೆಯದು.

ಕೊನೆಗೆ ಅನುಮಾನ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇರುವುದು. ಮೊಬೈಲಿನಿಂದ ನಿದ್ದೆ ಕೆಟ್ಟಿತೋ, ನಿದ್ದೆ ಬಾರದ್ದಕ್ಕೆ ಮೊಬೈಲು ಕೈಗೆ ಬಂತೋ? ಅಥವಾ ಪರೀಕ್ಷೆಯ ಭಯ ಎರಡನ್ನೂ ಮಾಡಿಸಿತೋ? ಗುಣಾಂಕ ಇದನ್ನು ಹೇಳುವುದಿಲ್ಲ. ಹಾಗಾಗಿ ಪರೀಕ್ಷೆ ಎಷ್ಟು ಹತ್ತಿರವಿದೆ ಎಂಬುದನ್ನೂ ಮೊದಲೇ ಕೇಳಿಟ್ಟುಕೊಂಡಿರಿ. ಪರೀಕ್ಷೆ ದೂರ ಇರುವವರದ್ದನ್ನೇ ಬೇರೆ ಮಾಡಿ ಲೆಕ್ಕ ಹಾಕಿದಾಗಲೂ ನಂಟು ಉಳಿಯುತ್ತದೆಯೇ ನೋಡಿ.

ಜನ ಜಾಸ್ತಿಯಾದರೂ ಈ ಅನುಮಾನ ಬಿಡುವಂತಿಲ್ಲ. ಮನಶ್ಶಾಸ್ತ್ರ ಸಂಶೋಧಕರಾದ ಆಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದರು. ಆ ಮಕ್ಕಳ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಗೆ ತಳುಕು ಹಾಕಬಹುದಾದ ಪಾಲು ಹೆಚ್ಚೆಂದರೆ ಶೇ 0.4 ಇತ್ತು. ಅದೇ ಲೆಕ್ಕದಲ್ಲಿ ಕನ್ನಡಕ ಹಾಕುವುದಕ್ಕೂ ನೆಮ್ಮದಿ ಕಡಿಮೆ ಇರುವುದಕ್ಕೂ ಇದ್ದ ನಂಟು ಇದಕ್ಕಿಂತ ದೊಡ್ಡದು. ಅದಕ್ಕೆ ಯಾರೂ ಮಕ್ಕಳ ಕನ್ನಡಕ ಕಿತ್ತುಕೊಳ್ಳುವುದಿಲ್ಲವಲ್ಲ!

ವರದಿಯಲ್ಲಿ ‘ಮೊಬೈಲಿನಿಂದ ನಿದ್ದೆ ಕೆಡುತ್ತದೆ’ ಎಂದು ಬರೆಯಬೇಡಿ. ‘ನಾವು ಅಳೆದವರಲ್ಲಿ ಮೊಬೈಲು ಜಾಸ್ತಿ ನೋಡುವವರು ಕಡಿಮೆ ಮಲಗುತ್ತಾರೆ’ ಎಂದು ಬರೆಯಿರಿ. ಪಕ್ಕದಲ್ಲೇ ಎಷ್ಟು ಜನ, ಯಾವ ತಿಂಗಳು ಎಂಬುದೂ ಇರಲಿ.