ಒಂಟಿ ಸೆರೆಯ ಕೋಣೆಯನ್ನು ನಾನು ತಪಾಸಣೆ ಮಾಡುವ ಬಗೆ

ಬಂಧನ ಕೇಂದ್ರಗಳ ತಪಾಸಣೆಗೆ ಹೊರಟ ಮೊದಲ ವರ್ಷಗಳಲ್ಲಿ ನಾನು ಅಳತೆ ಪಟ್ಟಿಯನ್ನು ಬಹಳ ನಂಬಿದ್ದೆ. ಒಬ್ಬರನ್ನು ಇರಿಸುವ ಕೋಣೆಗೆ ಶೌಚದ ಜಾಗ ಬಿಟ್ಟು ಕನಿಷ್ಠ 6 ಚದರ ಮೀಟರ್ ಇರಬೇಕು, ಗೋಡೆಯಿಂದ ಗೋಡೆಗೆ 2 ಮೀಟರ್, ನೆಲದಿಂದ ಛಾವಣಿಗೆ 2.5 ಮೀಟರ್ ಎಂದು ಯುರೋಪಿನ ಚಿತ್ರಹಿಂಸೆ ತಡೆ ಸಮಿತಿ ಹೇಳುತ್ತದೆ. ಅದನ್ನೇ ಹಿಡಿದು ಅಳೆಯುತ್ತಿದ್ದೆ, ಬರೆದುಕೊಳ್ಳುತ್ತಿದ್ದೆ, ಹೊರಡುತ್ತಿದ್ದೆ.

ಒಂದು ದಿನ ಅಳತೆಯಲ್ಲಿ ಎಲ್ಲವೂ ಸರಿಯಿದ್ದ ಕೋಣೆಯೊಂದರಲ್ಲಿ ಕುಳಿತಿದ್ದವನನ್ನು ಮಾತನಾಡಿಸಿದೆ. ಅವನು ಬಾಯಿ ತೆರೆದ. ದನಿ ಹೊರಡಲಿಲ್ಲ. ಎರಡು ಬಾರಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು, 'ಕ್ಷಮಿಸಿ, ಮಾತನಾಡಿ ಬಹಳ ದಿನವಾಯಿತು' ಎಂದ. ನನ್ನ ಪುಸ್ತಕದಲ್ಲಿ ಅದನ್ನು ಬರೆಯಲು ಒಂದು ಅಂಕಣವೂ ಇರಲಿಲ್ಲ. ಅಂದಿನಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು.

ಈಗ ಖಾಲಿ ಕೋಣೆಯೊಂದು ಸಿಕ್ಕಿದರೆ ಮೊದಲು ಒಳಗೆ ಹೋಗಿ ಬಾಗಿಲು ಹಾಕಿಸಿಕೊಳ್ಳುತ್ತೇನೆ. ದೀಪ ಆರಿಸಿ, ಮಂಚದ ಮೇಲೆ ಕುಳಿತು, ಕೈಯಲ್ಲಿರುವ ಪತ್ರಿಕೆಯ ಸಣ್ಣ ಅಕ್ಷರ ಓದಲು ನೋಡುತ್ತೇನೆ. ಹಗಲಿನ ಬೆಳಕಿನಲ್ಲಿ ಓದಲು, ಕೆಲಸ ಮಾಡಲು ಆಗುವಷ್ಟು ದೊಡ್ಡ ಕಿಟಕಿ ಇರಬೇಕೆಂಬುದು ಮಂಡೇಲಾ ನಿಯಮಗಳಲ್ಲಿ 14ನೆಯದು. 1955ರ ಹಳೆಯ ಕನಿಷ್ಠ ನಿಯಮಗಳನ್ನು ಪರಿಷ್ಕರಿಸಿ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಈ ನಿಯಮಗಳಿಗೆ, 27 ವರ್ಷ ಸೆರೆಯಲ್ಲಿ ಕಳೆದ ನೆಲ್ಸನ್ ಮಂಡೇಲಾ ಅವರ ಹೆಸರಿದೆ. ಓದಿ ಮುಗಿಸಿ ಕರೆಗಂಟೆ ಒತ್ತುತ್ತೇನೆ. ಗಡಿಯಾರ ನೋಡುತ್ತೇನೆ. ಒಮ್ಮೆ ಹನ್ನೊಂದು ನಿಮಿಷ ಯಾರೂ ಬರಲಿಲ್ಲ. ಎದೆನೋವು ಬಂದವನಿಗೆ ಹನ್ನೊಂದು ನಿಮಿಷವೆಂದರೆ ಏನೆಂದು ಆ ಕೋಣೆಯಲ್ಲಿ ಕುಳಿತೇ ಅರಿತೆ.

ರಾತ್ರಿಯ ಬೆಳಕಿನದು ಕಷ್ಟದ ವಿಷಯ. ಸದಾ ಕತ್ತಲಿರುವ ಕೋಣೆಯನ್ನೂ ಸದಾ ಬೆಳಗುತ್ತಲೇ ಇರುವ ಕೋಣೆಯನ್ನೂ 43ನೇ ನಿಯಮ ನಿಷೇಧಿಸುತ್ತದೆ. ಆದರೆ ಆತ್ಮಹತ್ಯೆಯ ಭಯವಿರುವವರ ಮೇಲೆ ರಾತ್ರಿಯೂ ಕಣ್ಣಿಡಬೇಕು. ಮಂದ ದೀಪವೊಂದನ್ನು ಅಳವಡಿಸಿ ಎಂದು ನಾನು ಕೇಳುತ್ತೇನೆ. ಜೊತೆಗೆ, ಇಷ್ಟು ಭಯವಿರುವ ವ್ಯಕ್ತಿಯನ್ನು ಒಂಟಿಯಾಗಿ ಏಕೆ ಇರಿಸಿದಿರಿ ಎಂದೂ ಕೇಳುತ್ತೇನೆ. 'ಬೇರೆಲ್ಲಿಯೂ ಜಾಗವಿಲ್ಲ' ಎಂಬ ಉತ್ತರ ನನಗೆ ಸಾಕಾಗಿ ಹೋಗಿದೆ. ಒಂಟಿತನದಿಂದ ಕಾಯಿಲೆ ಹೆಚ್ಚುವಂಥ ಮಾನಸಿಕ ಅಸ್ವಸ್ಥರನ್ನು ಒಂಟಿ ಸೆರೆಗೆ ಹಾಕಬಾರದೆಂದು 45ನೇ ನಿಯಮ ಹೇಳುತ್ತದೆ. ಅವರಿಗೆ ಬೇಕಾದುದು ಆಸ್ಪತ್ರೆ. ಈ ಒಂದು ಮಾತಿನಲ್ಲಿ ನಾನು ಯಾರೊಂದಿಗೂ ರಾಜಿ ಮಾಡಿಕೊಂಡಿಲ್ಲ.

ಆಮೇಲೆ ಪುಸ್ತಕಗಳು. ಕೋಣೆಯ ರಿಜಿಸ್ಟರ್, ವೈದ್ಯರ ಭೇಟಿಯ ಪುಸ್ತಕ, ಅಂಗಳಕ್ಕೆ ಬಿಟ್ಟ ದಾಖಲೆ, ಹೊರಗೆ ಕರೆದೊಯ್ದ ದಾಖಲೆ, ಈ ನಾಲ್ಕನ್ನೂ ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಡುತ್ತೇನೆ. ಒಂದೊಂದನ್ನೇ ಓದಿದರೆ ಎಲ್ಲವೂ ಅಚ್ಚುಕಟ್ಟು. ಒಂದು ಕೇಂದ್ರದಲ್ಲಿ ಬಂದಿಯೊಬ್ಬನನ್ನು ಪ್ರತಿದಿನವೂ ಹತ್ತರಿಂದ ಹನ್ನೊಂದರವರೆಗೆ ಅಂಗಳದಲ್ಲಿ ನಡೆದಾಡಲು ಬಿಟ್ಟಿದ್ದಾಗಿ ಬರೆದಿತ್ತು, ಶಾಯಿಯೂ ಒಂದೇ, ಕೈಬರಹವೂ ಒಂದೇ. ಆ ದಿನಗಳಲ್ಲೊಂದು ದಿನ ಅವನು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಹೊರಗಿನ ಆಸ್ಪತ್ರೆಯಲ್ಲಿದ್ದ. ದಿನಕ್ಕೆ ಒಂದು ಗಂಟೆ ತೆರೆದ ಗಾಳಿ ಶಿಕ್ಷೆಯಲ್ಲಿರುವವನಿಗೂ ಸಲ್ಲಬೇಕಾದುದು. ಕಾಗದದ ಮೇಲಿನ ಗಂಟೆಯಲ್ಲಿ ಗಾಳಿ ಬೀಸುವುದಿಲ್ಲ.

ದಿನ ಎಣಿಸುವುದರಲ್ಲೂ ಎಚ್ಚರ ಬೇಕು. ದಿನದ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ, ಅರ್ಥವುಳ್ಳ ಮಾನವ ಸಂಪರ್ಕವಿಲ್ಲದೆ ಇಡುವುದೇ ಒಂಟಿ ಸೆರೆ. ಅದು ಸತತ 15 ದಿನ ಮೀರಿದರೆ ದೀರ್ಘಾವಧಿಯದು, ಅದಕ್ಕೆ ನಿಷೇಧವಿದೆ. ದನಿ ಹೊರಡದೆ ಹೋದ ಆ ವ್ಯಕ್ತಿಯ ದಾಖಲೆಯನ್ನು ಆಮೇಲೆ ತರಿಸಿ ನೋಡಿದಾಗ, 14ನೇ ದಿನ ಹೊರಗೆ ಕಳಿಸಿ ಮರುದಿನವೇ ಮತ್ತೆ ಒಳಗೆ ಹಾಕಿದ್ದರು. ಹೀಗೆ ಮೂರು ಸಲ. ಪುಸ್ತಕದ ಎಣಿಕೆ ಪ್ರತಿಸಲವೂ ಒಂದರಿಂದ ಆರಂಭವಾಗಿತ್ತು. ನನ್ನ ಎಣಿಕೆ ಹಾಗೆ ಹಿಂದಕ್ಕೆ ಹೋಗುವುದಿಲ್ಲ, ನಲವತ್ತೆರಡು ಎಂದೇ ವರದಿಯಲ್ಲಿ ಬರೆದೆ.

ಹಾಗಾದರೆ ಅರ್ಥವುಳ್ಳ ಸಂಪರ್ಕ ಯಾವುದು? ಇದನ್ನು ತಿಳಿಯಲು ಒಮ್ಮೆ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಒಂದು ಪಾಳಿ ಪೂರ್ತಿ ಕುಳಿತೆ. ಬಾಗಿಲ ಕಿಂಡಿಯಿಂದ ತಟ್ಟೆ ಒಳಗೆ ಹೋಯಿತು, ಖಾಲಿ ತಟ್ಟೆ ಹೊರಗೆ ಬಂತು. 'ಊಟ', 'ತಟ್ಟೆ ಕೊಡು', 'ಹಿಂದೆ ಸರಿ'. ಎಂಟು ಗಂಟೆಗಳಲ್ಲಿ ಒಬ್ಬ ಮನುಷ್ಯನ ಪಾಲಿಗೆ ಬಂದ ಮಾತು ಇಷ್ಟೇ. ಸಿಬ್ಬಂದಿ ಕ್ರೂರಿಗಳಾಗಿರಲಿಲ್ಲ, ಇಬ್ಬರೇ ಇಡೀ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ಆದರೂ ಇದನ್ನು ಸಂಪರ್ಕವೆಂದು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನೂ ತಪ್ಪಿದ್ದೇನೆ. ಬಹಳ ಹಿಂದೆ, 'ಶಿಕ್ಷೆ ತಾಳಿಕೊಳ್ಳಲು ಸಮರ್ಥ' ಎಂದು ವೈದ್ಯರು ಕೊಟ್ಟ ಪ್ರಮಾಣಪತ್ರವನ್ನು ಒಳ್ಳೆಯ ಪದ್ಧತಿಯೆಂದು ವರದಿಯಲ್ಲಿ ಹೊಗಳಿದ್ದೆ. ಶಿಕ್ಷೆ ವಿಧಿಸುವುದರಲ್ಲಿ ವೈದ್ಯರ ಪಾತ್ರವೇ ಇರಬಾರದು. ಅವರು ದಿನವೂ ಬಂದು ನೋಡಬೇಕು, ದೇಹವೋ ಮನಸ್ಸೋ ಕೆಡುತ್ತಿದ್ದರೆ ಶಿಕ್ಷೆ ನಿಲ್ಲಿಸಿ ಇಲ್ಲವೇ ಬದಲಿಸಿ ಎಂದು ಹೇಳಬೇಕು. ಸಹಿ ಹಾಕಿ ಒಳಗೆ ಕಳಿಸಿದ ವೈದ್ಯರನ್ನು ಆ ರೋಗಿ ಮತ್ತೆ ನಂಬುವುದು ಹೇಗೆ? ಮುಂದಿನ ವರದಿಯಲ್ಲಿ ಆ ಸಾಲನ್ನು ತಿದ್ದಿ, ತಪ್ಪು ನನ್ನದೆಂದು ಬರೆದೆ.

ನನ್ನೊಂದಿಗೆ ಮಾತನಾಡಿದವರಿಗೆ ಆಮೇಲೆ ತೊಂದರೆಯಾಗಬಹುದು. ಅದಕ್ಕೇ ಮುನ್ಸೂಚನೆ ಕೊಡದೆ ಮತ್ತೆ ಹೋಗುತ್ತೇನೆ. ಓಣಿಯಲ್ಲಿ ಕುಳಿತಿದ್ದ ಆ ಕೇಂದ್ರಕ್ಕೆ ಎರಡನೇ ಸಲ ಹೋದಾಗ ರಿಜಿಸ್ಟರಿನಲ್ಲಿ ಹೊಸ ಅಂಕಣವಿತ್ತು: 'ಮಾತುಕತೆ, ನಿಮಿಷ'. ಕೆಲವು ದಿನ ಇಪ್ಪತ್ತು, ಕೆಲವು ದಿನ ಏಳು, ಒಂದು ದಿನ ನಲವತ್ತು. ಮೂರು ದಿನ ಖಾಲಿ. ಆ ಮೂರು ದಿನ ಏನಾಗಿತ್ತೆಂದು ಕೇಳಲು ಪಾಳಿಯ ಅಧಿಕಾರಿಯನ್ನು ಕರೆಸಿದೆ.